ಅಣ್ಣನ ಗದ್ದ, ತಮ್ಮನ ಹಲ್ಲು

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನಾನು ಹಲ್ಲಿನ ಆಸ್ಪತ್ರೆ ಇಟ್ಟುಕೊಂಡಿದ್ದ ಕಾಲದಲ್ಲಿ ಹಲ್ಲು ನೆಟ್ಟಗೆ ಮಾಡಿಸಿಕೊಳ್ಳಲು ಬರುವವರು ಅಪರೂಪ. ಬರುವವರೆಲ್ಲ ಕೀಳಿಸಿಕೊಳ್ಳುವವರೇ. "ಕಿತ್ತಾಕ್ಬಿಡಿ ಡಾಕ್ಟ್ರಮ್ಮ, ಪೀಡೆ ಓಗ್ಲಿ" ಎನ್ನುವುದೇ ಮೊದಲ ಮಾತು, ಅದೇ ಕೊನೆಯ ಮಾತು. ಹಾಗಿರುವಾಗ ಬೆಳೆದ ಗಂಡಸೊಬ್ಬ ಬಂದು ಕುರ್ಚಿಯಲ್ಲಿ ಕೂತು, "ಒಂದು ಅಲ್ಲೂ ಕೀಳಬಾರ್ದು, ಆದ್ರೆ ಎಲ್ಲಾ ಸಾಲಾಗಿ ನಿಲ್ಲಬೇಕು" ಎಂದಾಗ ನಾನು ಕೈಯಲ್ಲಿ ಸೋಪಿನ ನೊರೆ ಇದ್ದಂತೆಯೇ ತಿರುಗಿ ನೋಡಿದೆ.

ಓಲಗ ಊದುವವನು ಅವನು. ಹತ್ತಿರದ ಹಳ್ಳಿ. ಲಗ್ನದ ತಿಂಗಳುಗಳಲ್ಲಿ ಓಲಗ, ಮಿಕ್ಕ ದಿನಗಳಲ್ಲಿ ಮಾರಿಕುಪ್ಪಂ ರೈಲು ಹತ್ತಿ ಹೋಗಿ ಗಣಿಯೊಳಗೆ ಒಬ್ಬ ಕಾಂಟ್ರಾಕ್ಟರನ ಕೈಕೆಳಗೆ ಬಂಡೆ ಕೊರೆಯುವ ಕೆಲಸ. ಅಣ್ಣ ಡೋಲು ಬಾರಿಸುತ್ತಾನೆ, ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ ಎಂದ. ಅಪ್ಪನೂ ಓಲಗದವನೇ. ಮುಂದಿನ ಹಲ್ಲುಗಳು ಬಿದ್ದಮೇಲೆ ಅಪ್ಪ ಓಲಗವನ್ನು ಗೂಟಕ್ಕೆ ನೇತುಹಾಕಿ, ಆಮೇಲೆ ಬಹಳ ದಿನ ಬದುಕಲಿಲ್ಲವಂತೆ. ಅದಕ್ಕೇ ಕೀಳುವ ಮಾತು ಬೇಡ ಎಂದು ಇವನ ಹಟ. ಆ ಮನೆಯಲ್ಲಿ ಇವನು ಚಿಕ್ಕವನು, ಆದ್ದರಿಂದ ಇಲ್ಲಿಯೂ ತಮ್ಮ ಎಂದೇ ಕರೆಯುತ್ತೇನೆ.

ಬಾಯಿ ತೆರೆಸಿ ನೋಡಿದೆ. ಕೆಳದವಡೆಯ ಮುಂದಿನ ಬಾಚಿಹಲ್ಲುಗಳು ಜಾಗ ಸಾಲದೆ ಒಂದರ ಹೆಗಲ ಮೇಲೊಂದು ಕೂತಿದ್ದವು. ನಡುವಿನ ಎರಡರಲ್ಲಿ ಎಡಗಡೆಯದು ಸಾಲು ಬಿಟ್ಟು ತುಟಿಯ ಕಡೆಗೆ ಬಂದಿತ್ತು. ಓಲಗದ ತುದಿಗೆ ಸಿಕ್ಕಿಸುವ ಪೀಪಿಯನ್ನು ತುಟಿಗಳ ನಡುವೆ ಒತ್ತಿ ಹಿಡಿದು ಊದಬೇಕಲ್ಲ, ಆಗ ಆ ಹಲ್ಲು ಕೆಳತುಟಿಯನ್ನು ಒಳಗಿನಿಂದ ಕುಯ್ಯುತ್ತಿತ್ತು. ತುಟಿಯ ಒಳಗೆ ಹಳೆಯ ಗಾಯ ಗಟ್ಟಿಯಾಗಿ, ಹೊರಗಿನಿಂದ ನೋಡಿದರೂ ಅಲ್ಲೊಂದು ಗಂಟು ಕಾಣುತ್ತಿತ್ತು.

"ಓದ ತಿಂಗಳು ಒಂದು ಮದುವೆನಾಗೆ ತಾಳಿ ಕಟ್ಟೋ ಗಳಿಗೆಗೆ ಓಲಗ ನಿಂತೋಯ್ತು ಡಾಕ್ಟ್ರಮ್ಮ. ಪೀಪಿ ತುಂಬಾ ರಕ್ತ. ಅಣ್ಣಯ್ಯ ಒಬ್ನೇ ಡೋಲು ಒಡೀತಾ ಇದ್ದ. ಎಣ್ಣಿನಪ್ಪ ಎಲ್ಲರ ಮುಂದೆ ಉಗುದ."

ಗಟ್ಟಿಮೇಳದ ಹೊತ್ತಿಗೆ ಓಲಗ ನಿಲ್ಲುವುದು ನಮ್ಮ ಕಡೆ ಅಪಶಕುನ. ಆ ಗಳಿಗೆಯಲ್ಲಿ ಸೀನು, ಕೆಮ್ಮು ಯಾವುದೂ ಕಿವಿಗೆ ಬೀಳಬಾರದೆಂದೇ ಅಲ್ಲವೇ ಅಷ್ಟು ಜೋರಾಗಿ ಊದಿಸುವುದು. ಒಮ್ಮೆ ನಿಂತ ಓಲಗವನ್ನು ಇನ್ನೊಬ್ಬರು ಮನೆಗೆ ಕರೆಯುವುದಿಲ್ಲ. ತುಟಿ ಕುಯ್ಯದ ಹಾಗೆ ಹಲ್ಲು ಕೂತರೆ ಅವನು ಮತ್ತೆ ಓಲಗದವನು, ಇಲ್ಲದಿದ್ದರೆ ಬರೀ ಬಂಡೆ ಕೊರೆಯುವವನು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಕೆಲಸ ಕಷ್ಟದ್ದೇ. ಒಂದು ಹಲ್ಲು ತೆಗೆದರೆ ಉಳಿದವಕ್ಕೆ ಜಾಗ ಸಿಗುತ್ತದೆ, ಅದು ಸುಲಭದ ದಾರಿ. ತೆಗೆಯದೆ ಜಾಗ ಮಾಡಬೇಕೆಂದರೆ ಮುಂದಿನ ಸಾಲನ್ನೇ ತುಸು ಮುಂದಕ್ಕೆ ಬಾಗಿಸಬೇಕು. ಎಷ್ಟು ಬಾಗಿಸಬಹುದು ಎನ್ನುವುದು ಗದ್ದದ ಮೂಳೆ ಎಷ್ಟು ದಪ್ಪವಿದೆ ಎನ್ನುವುದರ ಮೇಲೆ ನಿಂತಿದೆ. ಕೆಳಗಿನ ಬಾಚಿಹಲ್ಲಿನ ಬೇರು ಮುಂದೊಂದು ಹಿಂದೊಂದು ತೆಳುವಾದ ಮೂಳೆಯ ಗೋಡೆಗಳ ನಡುವೆ ಇರುತ್ತದೆ. ಗೋಡೆ ದಾಟಿಸಿದರೆ ವಸಡು ಇಳಿಯುತ್ತದೆ, ಹಲ್ಲು ಅಲ್ಲಾಡುತ್ತದೆ, ವರ್ಷ ಎರಡು ವರ್ಷದಲ್ಲಿ ಕೈಗೆ ಬರುತ್ತದೆ. ನನ್ನಲ್ಲಿದ್ದ ಸಣ್ಣ ಎಕ್ಸ್‌ರೇ ಯಂತ್ರ ಹಲ್ಲನ್ನು ಎದುರಿನಿಂದ ತೋರಿಸುತ್ತಿತ್ತೇ ಹೊರತು ಮೂಳೆಯ ದಪ್ಪವನ್ನಲ್ಲ. ಅದಕ್ಕೆ ತಲೆಯನ್ನು ಪಕ್ಕದಿಂದ ತೆಗೆಯುವ ಎಕ್ಸ್‌ರೇ ಬೇಕು. ಆಗ ಅದು ಬೆಂಗಳೂರಿನಲ್ಲಿ, ನಾನು ಓದಿದ ಕಾಲೇಜಿನಲ್ಲಿ ಮಾತ್ರ ಸಿಗುತ್ತಿತ್ತು.

ಎಕ್ಸ್‌ರೇ ಎಂದ ಕೂಡಲೇ ತಮ್ಮನ ಮುಖ ಸಣ್ಣದಾಯಿತು.

"ಫೋಟೋನಾ? ಫೋಟೋ ಬೇಕೇ ಬೇಕಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಾನೇನು ನಿನಗೆ ಹೆಣ್ಣು ಹುಡುಕೋಕೆ ಫೋಟೋ ಕೇಳ್ತಿದೀನಾ? ಮೂಳೆ ನೋಡದೆ ಹಲ್ಲು ಸರಿಸು ಅಂದ್ರೆ ಆ ಕೆಲಸ ನನಗೆ ಬರಲ್ಲ. ಹೋಗಿ ತೆಗೆಸ್ಕೊಂಡು ಬಾ, ಇಲ್ಲ ಹೀಗೇ ಇರು" ಎಂದೆ. ಚೀಟಿ ಬರೆದು ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡ.

ಒಂದು ವಾರ ಕಳೆದು ಫಿಲ್ಮು ಬಂತು, ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡು. ಒಳ್ಳೆಯ ಸ್ಪಷ್ಟ ಫಿಲ್ಮು. ನಾನು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಎಂದರೆ ಇದೇ. ಬೆಳಗ್ಗೆ ರೋಗಿಗಳು ಬರುವ ಮುಂಚೆ ಫಿಲ್ಮನ್ನು ಕಿಟಕಿಯ ಗಾಜಿಗೆ ಅಂಟಿಸಿ, ಮೇಲೆ ಟ್ರೇಸಿಂಗ್ ಪೇಪರ್ ಹಾಕಿ, ಗಟ್ಟಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋಗುವುದು. ಮೊದಲು ಹಣೆ, ಮೂಗಿನ ಗೆಣ್ಣು, ತುಟಿಗಳು, ಗದ್ದದ ಉಬ್ಬು. ಮಾಂಸದ ಅಂಚು ಮಬ್ಬಾಗಿ ಕಾಣುತ್ತದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಆಮೇಲೆ ಮೂಳೆ, ಕೆಳದವಡೆಯ ಅಂಚು, ಬಾಚಿಹಲ್ಲು ಮೂಳೆಯ ಮೇಲೆ ಯಾವ ಓರೆಯಲ್ಲಿ ನಿಂತಿದೆ ಎನ್ನುವ ಗೆರೆ. ಕೋನ ಅಳೆದೆ. ಹಲ್ಲು ನೆಟ್ಟಗೆ ನಿಂತಿತ್ತು, ಗದ್ದದ ಮೂಳೆ ಸೊಂಪಾಗಿ ದಪ್ಪಗಿತ್ತು. ಮುಂದಕ್ಕೆ ಬಾಗಿಸಲು ಬೇಕಾದಷ್ಟು ಜಾಗ. ಅವನ ಹಟ ಗೆದ್ದಿತು, ಒಂದೂ ಕೀಳಬೇಕಾಗಿಲ್ಲ ಎಂದು ನನಗೇ ಖುಷಿಯಾಯಿತು. ಪ್ಲಾಸ್ಟರಿನ ಅಚ್ಚಿನ ಮೇಲೆ ಪ್ಲೇಟು ಮಾಡಿದೆ. ಹಲ್ಲಿನ ಹೊರಗಡೆ ಲೋಹ ಅಂಟಿಸಿದರೆ ತುಟಿ ಇನ್ನಷ್ಟು ಕುಯ್ಯುತ್ತದೆ ಎಂದು, ನಾಲಿಗೆಯ ಕಡೆ ಕೂರುವ, ಊದುವಾಗ ತೆಗೆದಿಡಬಹುದಾದ ಪ್ಲೇಟು. ಅದರಲ್ಲಿ ಹಲ್ಲನ್ನು ಹಿಂದಿನಿಂದ ಮೆಲ್ಲಗೆ ನೂಕುವ ತೆಳು ತಂತಿಯ ಸ್ಪ್ರಿಂಗುಗಳು.

ಎಲ್ಲ ಆದಮೇಲೆ ಒಂದು ಅನುಮಾನ ತಲೆಗೆ ಹೊಕ್ಕಿತು. ನಾನೇ ತೆಗೆದ ಸಣ್ಣ ಫಿಲ್ಮಿನಲ್ಲಿ ಹಲ್ಲಿನ ಬೇರು ಗಿಡ್ಡ, ಬೆಂಗಳೂರಿನ ಫಿಲ್ಮಿನಲ್ಲಿ ಉದ್ದ. ಬಾಯೊಳಗಿನ ಫಿಲ್ಮು ಓರೆಯಾದರೆ ಹಾಗಾಗುವುದುಂಟು, ಸರಿ ಎಂದುಕೊಂಡೆ. ಆದರೆ ಸಾಲು ಬಿಟ್ಟು ಮುಂದೆ ಬಂದಿದ್ದ ಆ ಹಲ್ಲು? ಪಕ್ಕದ ಎಕ್ಸ್‌ರೇಯಲ್ಲಿ ಅದರ ನೆರಳು ಉಳಿದವುಗಳಿಂದ ಬೇರೆಯಾಗಿ, ತುಟಿಯ ಹತ್ತಿರ ಕಾಣಬೇಕು. ಇಲ್ಲಿ ಎಲ್ಲ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿದ್ದವು. ತುಟಿಯ ಗಂಟೂ ಇರಲಿಲ್ಲ. ತಲೆ ತುಸು ತಿರುಗಿರಬಹುದೇ, ನನ್ನ ಅಚ್ಚೇ ತಪ್ಪಿರಬಹುದೇ? ಮತ್ತೆ ಅಳೆದೆ, ಮತ್ತೆ ಗೆರೆ ಎಳೆದೆ. ತಲೆ ಕೆಟ್ಟು ಕೆರ ಹಿಡಿದುಹೋಯಿತು. ಕಾಲೇಜಿನವರನ್ನು ಕೇಳುವವರೆಗೆ ಪ್ಲೇಟು ಬಾಯಿಗೆ ಹಾಕುವುದು ಬೇಡ ಎಂದು ತೀರ್ಮಾನ ಮಾಡಿ ಅದನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿಟ್ಟೆ.

ಪ್ಲೇಟು ಹಾಕಿಸಿಕೊಳ್ಳಲು ಬಂದ ದಿನ ತಮ್ಮ ಒಬ್ಬನೇ ಬರಲಿಲ್ಲ, ಅಣ್ಣನೂ ಜೊತೆಗೆ ಬಂದ. ಹಾಲಿನ ಖಾಲಿ ಕ್ಯಾನನ್ನು ಬಾಗಿಲಲ್ಲಿಟ್ಟು, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು, ರಸ್ತೆ ನೋಡುತ್ತಿದ್ದ. ಹಿಂದಿನಿಂದ ಬೆಳಕು. ನಾನು ಕೈಯೊರೆಸಿಕೊಳ್ಳುತ್ತಾ ಆ ಕಡೆ ನೋಡಿದವಳು ಹಾಗೇ ನಿಂತುಬಿಟ್ಟೆ. ಆ ಹಣೆ, ಮೂಗಿನ ಗೆಣ್ಣು, ಮುಂದೆ ಬಂದ ಗದ್ದ, ಎಲ್ಲ ನನಗೆ ಗೊತ್ತು. ಎಷ್ಟೋ ಬೆಳಗ್ಗೆ ಅದೇ ಕಿಟಕಿಯಲ್ಲಿ ಪೆನ್ಸಿಲು ಹಿಡಿದು ನಾನು ಬರೆದದ್ದು ಆ ಮುಖವನ್ನೇ.

ಟ್ರೇಸಿಂಗ್ ಪೇಪರನ್ನು ತಂದು ಅವನ ಕಿವಿಯ ಪಕ್ಕ ಹಿಡಿದೆ. ಅಣ್ಣ ಅಲುಗಾಡಲಿಲ್ಲ.

"ಬೆಂಗಳೂರಿಗೆ ಹೋಗಿ ನಿಂತವನು ನೀನು ತಾನೆ?" ಎಂದೆ.

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ.

"ಊಂ, ನಾನೇ" ಎಂದ ಅಣ್ಣ. "ಫೋಟೋ ಅಂದ್ರೆ ನಾನು, ಊದೋದು ಅಂದ್ರೆ ಅವನು. ಮೊದ್ಲಿಂದ ಅಂಗೇ ನಡಕೊಂಡು ಬಂದದೆ."

"ಯಾಕಪ್ಪ? ನಿನ್ನ ಹಲ್ಲನ್ನ ನೋಡಿ ಅವನ ಹಲ್ಲು ಸರಿಸೋಕಾಗುತ್ತಾ? ಅವನಿಗೆ ಹಸಿವಾದ್ರೆ ನೀನು ಉಣ್ತೀಯಾ?"

"ಒಂದೇ ತಾಯಿ ಒಟ್ಟೆನಾಗೆ ಉಟ್ಟಿರೋದಲ್ವಾ ಡಾಕ್ಟ್ರಮ್ಮ, ಮೂಳೆ ಒಂದೇ ಇರ್ತದೆ ಅಂದ್ಕೊಂಡ್ವಿ" ಎಂದ. ಅದು ಸುಳ್ಳಲ್ಲ, ಹಾಗೆಂದೇ ನಂಬಿದ್ದ. ಆದರೆ ಕೇಳಿದ್ದಕ್ಕೆ ಉತ್ತರ ಅದಾಗಿರಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಇಬ್ಬರನ್ನೂ ಬೈದೆ. ಆ ಪ್ಲೇಟು ಹಾಕಿ ನೂಕಿದ್ದರೆ ನಿನ್ನ ಮುಂದಿನ ಸಾಲೆಲ್ಲ ನಿನ್ನಪ್ಪನ ದಾರಿ ಹಿಡಿಯುತ್ತಿತ್ತು ಎಂದೆ. ಆ ಮಾತಿಗೆ ತಮ್ಮ ಹೆದರಿದ. ಈ ಸಲ ನಾನೇ ಕರಕೊಂಡು ಹೋಗುತ್ತೇನೆ, ಬಾಗಿಲಲ್ಲೇ ನಿಲ್ಲುತ್ತೇನೆ ಎಂದು ಹೇಳಿ ಕಳಿಸಿದೆ.

ಮುಂದಿನ ಸೋಮವಾರ ಆಸ್ಪತ್ರೆಗೆ ಬೀಗ ಹಾಕಿ ಮೂವರೂ ಬೆಳಗಿನ ರೈಲು ಹತ್ತಿದೆವು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ತಮ್ಮ ಅರ್ಧದಲ್ಲೇ ನಿಂತು ಚಪ್ಪಲಿ ಸರಿಮಾಡಿಕೊಂಡ. ಸ್ವಲ್ಪ ಮೇಲೆ ಹೋಗಿ ಮತ್ತೆ ನಿಂತು ಮತ್ತೆ ಚಪ್ಪಲಿ ಸರಿಮಾಡಿಕೊಂಡ. ಹೊಸ ಚಪ್ಪಲಿ ಕಚ್ಚುತ್ತಿರಬೇಕು ಎಂದುಕೊಂಡೆ.

ಕಾಲೇಜಿನ ಎಕ್ಸ್‌ರೇ ಕೋಣೆಯಲ್ಲಿ ತಲೆ ಅಲುಗದಂತೆ ಹಿಡಿಯುವ ಚೌಕಟ್ಟು ಇರುತ್ತದೆ. ಎರಡೂ ಕಿವಿಗಳಿಗೆ ಸಣ್ಣ ಕಡ್ಡಿಗಳನ್ನು ಹಾಕಿ, ಮೂಗಿನ ಮೇಲೊಂದು ಆಸರೆ ಕೊಟ್ಟು ನಿಲ್ಲಿಸುತ್ತಾರೆ. ಎಕ್ಸ್‌ರೇ ತೆಗೆಯುವವರು ವಯಸ್ಸಾದವರು, ನನ್ನನ್ನು ಓದುವ ಕಾಲದಿಂದ ಬಲ್ಲವರು. "ಹಲ್ಲು ಕಚ್ಚಿ ಹಿಡಿ. ಉಸಿರು ಬಿಗಿ ಹಿಡಿ. ಅಲುಗಬೇಡ" ಎಂದು ಹೇಳಿ ಈಚೆ ಬಂದರು. ಗುಂಡಿ ಒತ್ತುವಷ್ಟರಲ್ಲಿ ತಮ್ಮ ಕೆಮ್ಮಿದ. ಫಿಲ್ಮು ಕದಡಿತು. ಮತ್ತೆ ನಿಲ್ಲಿಸಿದರು. ಮತ್ತೆ ಕೆಮ್ಮು, ಈ ಸಲ ಬಗ್ಗಿ ಮೊಣಕಾಲು ಹಿಡಿದುಕೊಂಡು. ಗಟ್ಟಿಮೇಳ ಊದುವವನಿಗೆ ಒಂದು ಗಳಿಗೆ ಉಸಿರು ಹಿಡಿಯಲಾಗುತ್ತಿಲ್ಲ. ಆ ಮೆಟ್ಟಿಲು, ಆ ಚಪ್ಪಲಿ ಎಲ್ಲ ಒಟ್ಟಿಗೆ ನೆನಪಾದವು. ತಾಳಿ ಕಟ್ಟುವಾಗ ಓಲಗ ನಿಂತದ್ದು ತುಟಿಗೋ ಉಸಿರಿಗೋ ಎಂದು ಆಗ ಮೊದಲ ಸಲ ಯೋಚಿಸಿದೆ.

"ಸ್ವಲ್ಪ ಕೂತ್ಕೊ. ನೀರು ಕುಡಿ. ಅವಸರ ಇಲ್ಲ" ಎಂದರು ಅವರು. ಅಣ್ಣ ಒಳಗೆ ಹೋಗಿ ತಮ್ಮನ ಬೆನ್ನು ನೀವಿದ. "ನೋಡ್ಲಾ, ಮುಹೂರ್ತ ಅಂದ್ಕೊ. ನಾನು ಬೆರಳೆತ್ತಿದಾಗ ಇಡ್ಕೊ, ಇಳಿಸಿದಾಗ ಬಿಡು. ಅಷ್ಟೇ ಕಣ್ಲಾ" ಎಂದ. ಈಚೆ ಬಂದು ಗಾಜಿನ ಹಿಂದೆ ನಿಂತು ಬೆರಳೆತ್ತಿದ. ತಮ್ಮ ಅಣ್ಣನ ಬೆರಳನ್ನೇ ಓರೆಗಣ್ಣಿನಲ್ಲಿ ನೋಡುತ್ತಾ ಹಿಡಿದ. ಈ ಸಲ ಫಿಲ್ಮು ಸರಿಯಾಗಿ ಬಂತು.

ಹಲ್ಲಿನ ಕೆಲಸ ಅಲ್ಲಿಗೆ ಮುಗಿದಿತ್ತು, ನಾನು ಬಿಡಲಿಲ್ಲ. ಅಲ್ಲಿಂದ ನೇರ ಎದೆಯ ಡಾಕ್ಟರೊಬ್ಬರ ಹತ್ತಿರ ಕರಕೊಂಡು ಹೋದೆ. ತಮ್ಮ ಬರುವುದಿಲ್ಲ ಎಂದು ರಸ್ತೆಯಲ್ಲೇ ನಿಂತ. ಅಣ್ಣ, "ನಾನೇ ಓಗಿ ನಿಲ್ತೀನಿ ಬಿಡಿ" ಎಂದ, ಅಭ್ಯಾಸದಿಂದ. ಹೇಳಿದ ಮೇಲೆ ತಾನೇ ತಲೆತಗ್ಗಿಸಿದ. ಕೊನೆಗೆ ತಮ್ಮನ ತೋಳು ಹಿಡಿದು ಒಳಗೆ ನಡೆಸಿದ್ದೂ ಅವನೇ.

ಆ ಡಾಕ್ಟರು ಎದೆಯ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನನ್ನನ್ನು ಮಾತ್ರ ಒಳಗೆ ಕರೆದರು. ಎದೆಯ ಓದು ನನಗೆ ಬರದಿದ್ದರೂ ಅದನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಎರಡೂ ಕಡೆ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು, ಮೇಲ್ಗಡೆ ಗಟ್ಟಿಯಾದ ಬಿಳಿ ಮಚ್ಚೆಗಳು. ಬಂಡೆಯ ಧೂಳು. "ಇಷ್ಟು ಆಗೋವರೆಗೂ ಇವನನ್ನ ಒಳಗೆ ಇಳಿಸಿದ್ದು ಯಾರು? ಫಿಲ್ಮು ತೆಗೆಯಲ್ವಾ ಅಲ್ಲಿ?" ಎಂದು ಕೇಳಿದರು. ವಾಸಿಯಾಗುವುದಿಲ್ಲ, ನಿಲ್ಲುವುದೂ ಇಲ್ಲ, ಧೂಳಿಗೆ ಹೋಗದಿದ್ದರೆ ಸ್ವಲ್ಪ ನಿಧಾನವಾಗಬಹುದು ಎಂದರು.

ವಾಪಸ್ ಬರುವ ರೈಲಿನಲ್ಲಿ ತಮ್ಮ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ. ಆ ಡಾಕ್ಟರು ಕೇಳಿದ್ದನ್ನು ನಾನು ಅಣ್ಣನನ್ನು ಕೇಳಿದೆ. ಅವನು ಮಾಲೂರು ದಾಟಿದ ಮೇಲೆ ತಮ್ಮನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ.

"ತೆಗೀತಾರೆ. ಕಾಂಟ್ರಾಕ್ಟರು ಕಳಿಸ್ತಾನೆ. ಟೋಕನ್ ಮ್ಯಾಲೆ ನಂಬರ್ ಅಷ್ಟೇ ಇರ್ತದೆ, ಮುಖ ಯಾರೂ ನೋಡಲ್ಲ. ಕೆಮ್ಮು ಇರೋರು ಗಟ್ಟಿ ಇರೋರ ಕೈಗೆ ಟೋಕನ್ ಕೊಟ್ಟು ನಿಲ್ಲಿಸ್ತಾರೆ. ಅಲ್ಲಿ ಅದು ಬೇಕಾದಷ್ಟು ನಡೀತದೆ ಡಾಕ್ಟ್ರಮ್ಮ. ಮೊದಲ್ನೇ ಸಲ ಇವನಿಗೆ ಬರೀ ನೆಗಡಿ. ಕೆಲಸ ಓಗ್ಬಾರ್ದು ಅಂತ ನಾನು ಓಗಿ ನಿಂತೆ. ಆಮ್ಯಾಕೆ ಪ್ರತಿ ಸಲಾನೂ ನಾನೇ. ಎಮ್ಮೆ ಆಲು ಕುಡಿದ ಎದೆ, ಚೆನ್ನಾಗದೆ ಅಂತ ಬರೆದು ಕಳಿಸೋರು. ನಾನು ಮನೆಗೆ ಬಂದು ನಗಾಡ್ತಾ ಏಳ್ತಿದ್ದೆ, ನಿನ್ನ ಎದೆ ಗಟ್ಟಿಯಾಗದಂತೆ ಓಗ್ಲಾ ಅಂತ."

ಅಷ್ಟು ಹೇಳಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. "ನನ್ನ ಎದೆ ತೋರ್ಸಿ ತೋರ್ಸಿ ಇವನ್ನ ಒಳಕ್ಕೆ ಇಳಿಸ್ದೆ" ಎಂದು ಅದರೊಳಗೇ ಹೇಳಿದ. ಬೈಯಲು ಬರುವವಳಿಗೆ ಸಮಾಧಾನ ಹೇಳಲು ಬರಬೇಕಲ್ಲ. ಬಂಗಾರಪೇಟೆ ಬರುವವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು, ತಮ್ಮ ನಿದ್ದೆ ಮಾಡುತ್ತಿದ್ದ.

ಮಾರನೆಯ ಬೆಳಗ್ಗೆ ಹೊಸ ಫಿಲ್ಮನ್ನು ಅದೇ ಗಾಜಿಗೆ ಅಂಟಿಸಿ ಗೆರೆ ಎಳೆದೆ. ಹಣೆ, ಮೂಗು ಅಣ್ಣನದೇ ಅಚ್ಚು. ಕೆಳತುಟಿಯಲ್ಲಿ ಗಾಯದ ಗಂಟು ಮಬ್ಬಾಗಿ ಕಂಡಿತು. ಗದ್ದ ಬೇರೆ. ಮೂಳೆ ಸಣಕಲು, ಬೇರುಗಳ ಮುಂದಿನ ಗೋಡೆ ಪೆನ್ಸಿಲ್ ಗೆರೆಯಷ್ಟೇ. ಇಲ್ಲಿ ಮುಂದಕ್ಕೆ ನೂಕುವ ಮಾತೇ ಇಲ್ಲ. ನೀರಿನ ಬಟ್ಟಲಿನಿಂದ ಆ ಪ್ಲೇಟು ತೆಗೆದು ಕಸದ ಬುಟ್ಟಿಗೆ ಹಾಕಿದೆ.

ಉಳಿದದ್ದು ಒಂದೇ ದಾರಿ. ಹೊರಗೆ ಬಂದ ಹಲ್ಲನ್ನು ತೆಗೆದು, ಅದರ ಅಕ್ಕಪಕ್ಕದವನ್ನು ಮೂಳೆಯೊಳಗೇ ಪಕ್ಕಕ್ಕೆ ಜರುಗಿಸಿ ಸಂದು ಮುಚ್ಚುವುದು. ಸಂದು ಬಿಟ್ಟರೆ ಪೀಪಿಗೆ ಆಸರೆ ತಪ್ಪಿ ತುಟಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಇಷ್ಟು ತೆಳು ಮೂಳೆಯಲ್ಲಿ ಜೋರು ಮಾಡುವಂತಿಲ್ಲ, ತೀರ ಹಗುರ ಸ್ಪ್ರಿಂಗು, ತಿಂಗಳುಗಟ್ಟಲೆ ತಾಳ್ಮೆ. ಹಲ್ಲಿನ ಫಿಲ್ಮು ನಿಧಾನ ಎನ್ನುತ್ತಿತ್ತು, ಎದೆಯ ಫಿಲ್ಮು ಬೇಗ ಎನ್ನುತ್ತಿತ್ತು. ನಾನು ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕೈಚೆಲ್ಲಿ ಕೂತೆ.

ನನಗೆ ಪಾಠ ಹೇಳಿದ ಪ್ರೊಫೆಸರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಕೊಂಡು, "ಏನಮ್ಮ ನೀನು, ಉಸಿರೇ ಇಲ್ಲದವನಿಗೆ ಹಲ್ಲು ಸಾಲು ಮಾಡ್ತೀನಿ ಅಂತೀಯಲ್ಲ. ಚೂಪಾದ ಅಂಚು ಉಜ್ಜಿ ಕಳಿಸು. ಸುಮ್ಮನೆ ಅವನಿಗೆ ಆಸೆ ಹುಟ್ಟಿಸಬೇಡ" ಎಂದರು. ಬುದ್ಧಿಯ ಮಾತೇ. ಎರಡು ದಿನ ಆ ಮಾತನ್ನು ಒಪ್ಪಿಕೊಂಡೂ ಇದ್ದೆ.

ತಮ್ಮ ಬಂದಾಗ ಮುಚ್ಚಿಡಲಿಲ್ಲ. ಎದೆಯ ವಿಷಯ ಅವನಿಗೆ ಯಾರೂ ಹೇಳಬೇಕಾಗಿರಲೂ ಇಲ್ಲ, ಅವನ ಜೊತೆ ಕೆಲಸ ಮಾಡಿದವರಲ್ಲಿ ಎಷ್ಟು ಜನರನ್ನು ಹಾಗೆ ನೋಡಿದ್ದನೋ. ಹಲ್ಲು ಕೀಳಲೇಬೇಕು ಎಂದಾಗ ಮಾತ್ರ ಕಣ್ಣು ಒದ್ದೆಯಾಯಿತು.

"ಕಿತ್ರೆ ಊದೋಕಾಯ್ತದಾ?"

"ಹಲ್ಲಿನಿಂದ ತೊಂದರೆ ಆಗಲ್ಲ. ಅದಕ್ಕೆ ನಾನು ಜವಾಬ್ದಾರಿ. ಎದೆಗೆ ನಾನು ಏನೂ ಹೇಳಲಾರೆ. ಆರು ತಿಂಗಳೋ, ಇನ್ನೂ ಹೆಚ್ಚೋ ಹಿಡಿಯುತ್ತೆ. ಬೇಡ ಅಂದ್ರೆ ಈಗಲೇ ಬಿಟ್ಟುಬಿಡೋಣ."

"ಉಸಿರು ಓಗೋದು ಅದರ ಪಾಡಿಗೆ ಓಗ್ಲಿ. ಬಾಯಿ ಸರಿಯಿಟ್ಕೊಂಡು ಕಾಯೋಣ ಡಾಕ್ಟ್ರಮ್ಮ. ಒಂದಿನ ಉಸಿರು ಬಂದು ಬಾಯಿ ಇಲ್ದೇ ಓದ್ರೆ ಒಟ್ಟೆ ಉರೀತದೆ" ಎಂದ. ಪ್ರೊಫೆಸರ ಮಾತನ್ನು ಪಕ್ಕಕ್ಕಿಟ್ಟು ಸೂಜಿಗೆ ಮದ್ದು ತುಂಬಿದೆ. ಸುಳ್ಳು ಆಸೆ ಹುಟ್ಟಿಸಿದೆನೋ, ಇದ್ದ ಆಸೆಯನ್ನು ಕೀಳದೆ ಬಿಟ್ಟೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹಲ್ಲು ಸಲೀಸಾಗಿ ಬಂತು. ಗಾಯ ಮಾಗಿದ ಮೇಲೆ ಹೊಸ ಪ್ಲೇಟು ಹಾಕಿದೆ. ಬಲಗಡೆಯ ಬಾಚಿಯನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಕೂದಲೆಳೆಯಷ್ಟು ತಳ್ಳುವ ಸ್ಪ್ರಿಂಗುಗಳು. ಬಂದಾಗಲೆಲ್ಲ ಇಕ್ಕಳದಿಂದ ಒಂದಿಷ್ಟು ಬಿಗಿ ಮಾಡುವುದು, ಆಗಾಗ ಸಣ್ಣ ಫಿಲ್ಮು ತೆಗೆದು ಬೇರು ಸವೆಯುತ್ತಿಲ್ಲ ತಾನೆ ಎಂದು ನೋಡುವುದು. ಬಚ್ಚಲುಮನೆಯನ್ನೇ ಕತ್ತಲೆಕೋಣೆ ಮಾಡಿಕೊಂಡಿದ್ದೆ. ಫಿಲ್ಮು ತೊಳೆದು ಹಗ್ಗಕ್ಕೆ ಸಿಕ್ಕಿಸುವಾಗ ಬಾಗಿಲಾಚೆ ಅವನ ಕೆಮ್ಮು ಕೇಳುತ್ತಿತ್ತು. ಗಣಿಯ ಕೆಲಸ ಬಿಟ್ಟು ಮನೆಯಲ್ಲೇ ಇದ್ದ. ಮೊದಮೊದಲು ಬಸ್ಸಿಳಿದು ನಡೆದು ಬರುತ್ತಿದ್ದವನು ಆಮೇಲೆ ಅಣ್ಣನ ಸೈಕಲ್ಲಿನ ಹಿಂದೆ ಕೂತು ಬಂದ. ಹಾಲಿನ ಕ್ಯಾನು ನೇತುಹಾಕುವ ಜಾಗದಲ್ಲಿ ಅವನ ಕಾಲುಗಳು ನೇತಾಡುತ್ತಿದ್ದವು. ಹಲ್ಲುಗಳು ಮಾತ್ರ ಹೇಳಿದ ಹಾಗೆ ಕೇಳಿದವು. ಅಷ್ಟು ವಿಧೇಯವಾದ ಹಲ್ಲುಗಳನ್ನು ನಾನು ಮತ್ತೆ ಕಾಣಲಿಲ್ಲ. ಪ್ರತಿ ಸಲ ಸಂದು ಕಿರಿದಾಗುವುದನ್ನು ನೋಡಿ ನನಗೆ ಸಂತೋಷವಾಗಬೇಕು, ಅದಾಗುತ್ತಿರಲಿಲ್ಲ. ಅವನ ಕುತ್ತಿಗೆಯ ನರಗಳು ಎಳೆದೆಳೆದು ಉಸಿರಾಡುವುದೇ ಕಣ್ಣಿಗೆ ಬೀಳುತ್ತಿತ್ತು.

ಸಂದು ಪೂರ್ತಿ ಮುಚ್ಚಿದ ದಿನ ಕನ್ನಡಿ ಕೊಟ್ಟೆ. ನಾಲಿಗೆಯಿಂದ ಸವರಿ ಸವರಿ ನೋಡಿದ. ತುಟಿಯ ಒಳಗಿನ ಗಾಯ ಮಾಯ್ದು ಗಂಟೂ ಇಳಿದಿತ್ತು. ಅಣ್ಣ ಬಟ್ಟೆಯ ಚೀಲದಿಂದ ಓಲಗ ತೆಗೆದ. ಪೀಪಿಯನ್ನು ನೀರಿನಲ್ಲಿ ನೆನೆಸಿ ಸಿಕ್ಕಿಸಿಕೊಟ್ಟ. ತಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ತುಟಿಗಿಟ್ಟುಕೊಂಡ.

ಸ್ವರ ಬಂತು. ಸಣ್ಣದಲ್ಲ, ಸ್ಟೇಷನ್ ರಸ್ತೆಯಲ್ಲಿ ಹೋಗುವವರು ನಿಂತು ತಿರುಗಿ ನೋಡುವಂಥದು. ಅಣ್ಣ ಹಾಲಿನ ಕ್ಯಾನಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ. ಸ್ವರ ಮೇಲೇರಿ, ಇನ್ನೇನು ತಿರುಗಬೇಕು ಎನ್ನುವಾಗ ತುಂಡಾಯಿತು. ತಮ್ಮ ಓಲಗ ಇಳಿಸಿ, ಬಾಯಿ ತೆರೆದು ಗಾಳಿಗಾಗಿ ಹುಡುಕಿದ. ಅಣ್ಣನ ಬೆರಳು ಎರಡು ಪೆಟ್ಟು ಮುಂದೆ ಹೋಗಿ ನಿಂತಿತು. ತಮ್ಮನಿಗೆ ಉಸಿರು ವಾಪಸ್ ಬಂದ ಮೇಲೆ ಅವನು ಮೊದಲು ಮಾಡಿದ್ದು ಪೀಪಿಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದ್ದು.

"ಅಣ್ಣಯ್ಯ, ನೋಡು, ರಕ್ತ ಇಲ್ಲ" ಎಂದ.

ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಕೆಲಸ ಅಷ್ಟು ಚೆನ್ನಾಗಿ ಆಗಿತ್ತು.

ಹಲ್ಲು ಹಿಂದಕ್ಕೆ ಜರುಗದ ಹಾಗೆ ಕೆಲವು ತಿಂಗಳು ಪ್ಲೇಟು ಹಾಕಿಕೊಂಡಿರಬೇಕು, ತೋರಿಸಲು ಬಾ ಎಂದಿದ್ದೆ. ಎರಡು ಸಲ ಬಂದ. ಮೂರನೆಯ ಸಲ ಬರಲಿಲ್ಲ. ರಾಗಿ ಕೊಯ್ಲಿನ ಸಮಯ, ಕೆಲಸವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಅಣ್ಣ ಒಬ್ಬನೇ ಬಂದ ದಿನ ಅವನ ತಲೆ ಬೋಳಾಗಿತ್ತು. ಅವನು ಅದೇ ಬೆಂಚಿನ ಮೇಲೆ ಕೂತ. ನಾನು ಕುರ್ಚಿಯಲ್ಲಿದ್ದ ರೋಗಿಯನ್ನು ಕಳಿಸಿ, ಬಾಗಿಲು ಮುಂದೆ ಮಾಡಿ, ಅವನ ಪಕ್ಕ ಕೂತೆ.

"ಕೊನೆಕೊನೆಗೆ ಊದ್ತಿರಲಿಲ್ಲ" ಎಂದ. "ಪೀಪಿ ತುಟಿಗೆ ಇಟ್ಕೊಂಡು ಬರೀ ಬೆರಳು ಆಡಿಸೋನು. ನಾನು ಡೋಲು ಮೆಲ್ಲಗೆ ಒಡೀತಿದ್ದೆ. ಅವನ ಬೆರಳು ನೋಡ್ಕೊಂಡು ಯಾವ ರಾಗ ಅಂತ ನಂಗೆ ಗೊತ್ತಾಗೋದು. ಅಲ್ಲು ಒಸಿನೂ ಅಲ್ಲಾಡಿಲ್ಲ ಡಾಕ್ಟ್ರಮ್ಮ. ಅಂಗೇ ಇದ್ವು."

ಆಮೇಲೆ ತಾನು ಬಂದ ಕಾರಣ ಹೇಳಿದ. ಮನೆಯಲ್ಲಿ ತಮ್ಮನ ಒಂದು ಫೋಟೋವೂ ಇಲ್ಲವಂತೆ. ಮದುವೆ ಮನೆಯ ಫೋಟೋಗಳಲ್ಲಿ ಹೆಣ್ಣು ಗಂಡು ಬೀಳುತ್ತಾರೆ, ಓಲಗದವರು ಎಂದೂ ಬೀಳುವುದಿಲ್ಲ. ಉಳಿದ ಕಡೆಯೆಲ್ಲ ನಿಂತವನು ಅಣ್ಣ. ಹಾಲು ತುಪ್ಪದ ದಿನ ಎಡೆಯಿಡಲು ಗೋಡೆಯಲ್ಲಿ ಏನೂ ಇರಲಿಲ್ಲ, ಅವ್ವ ಓಲಗಕ್ಕೇ ಹೂವು ಮುಡಿಸಿದಳು ಎಂದ.

"ನಿಮ್ಮತ್ರ ಒಂದದೆಯಲ್ಲ, ಅದನ್ನ ಕೊಟ್ರೆ" ಎಂದ.

ಬೀರುವಿನಿಂದ ಎರಡೂ ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಯಾವುದು ಯಾರದೆಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅಣ್ಣ ಕೈಚಾಚಿ ತುಟಿಯಲ್ಲಿ ಗಂಟಿದ್ದ ಫಿಲ್ಮನ್ನು ತೆಗೆದುಕೊಂಡ. ಇನ್ನೊಂದನ್ನು ನೋಡಲೂ ಇಲ್ಲ. "ಅದನ್ನ ಬಿಸಾಕ್ಬಿಡಿ. ಅದರಿಂದ ಯಾರಿಗೂ ಒಳ್ಳೇದಾಗ್ಲಿಲ್ಲ" ಎಂದ. ನಾನು ಕಂದು ಬಣ್ಣದ ದೊಡ್ಡ ಕವರು ಹುಡುಕಿ ತಂದೆ. ಅವನು ತಕ್ಷಣ ಅದರೊಳಗೆ ಹಾಕಲಿಲ್ಲ. ಫಿಲ್ಮನ್ನು ಗಾಜಿಗೆ ಒತ್ತಿ ಹಿಡಿದು, ಹಣೆಯಿಂದ ಗದ್ದದವರೆಗೆ ಬೆರಳು ಎಳೆದ.

"ಇದ್ರಾಗೆ ಉಸಿರು ಇಡ್ಕೊಂಡವ್ನೆ, ಅಲ್ವಾ ಡಾಕ್ಟ್ರಮ್ಮ?"

"ಹೂಂ. ಹಿಡ್ಕೊಂಡಿದಾನೆ" ಎಂದೆ.

ಅವನು ಅವತ್ತು ಎಕ್ಸ್‌ರೇ ಕೋಣೆಯ ಗಾಜಿನ ಹಿಂದೆ ನಿಂತು ಎತ್ತಿದ ಹಾಗೆಯೇ ಬೆರಳೆತ್ತಿದ, ಇಳಿಸಲಿಲ್ಲ.